ಹೆಸರಿನಲ್ಲೇ ‘ಸಮಾಜವಾದಿ’ ಇರುವಾಗ ಹಿಟ್ಲರ್ ಎಡಪಂಥೀಯನಲ್ಲವೇ?

ಪ್ರಶ್ನೆ: ನಾಜಿ ಪಕ್ಷದ ಪೂರ್ಣ ಹೆಸರು ‘ರಾಷ್ಟ್ರೀಯ ಸಮಾಜವಾದಿ ಜರ್ಮನ್ ಕಾರ್ಮಿಕರ ಪಕ್ಷ’. ಅದರಲ್ಲಿ ಸಮಾಜವಾದವೂ ಇದೆ, ಕಾರ್ಮಿಕರೂ ಇದ್ದಾರೆ. ಹಾಗಿದ್ದರೂ ಅದನ್ನು ಬಲಪಂಥೀಯ ಎನ್ನುವುದೇಕೆ? ಜಾಲತಾಣಗಳ ಚರ್ಚೆಯಲ್ಲಿ ಈ ಮಾತೆತ್ತಿದರೆ ಎದುರಿನವರು ಬೈಯುತ್ತಾರೆಯೇ ಹೊರತು ಉತ್ತರಿಸುವುದಿಲ್ಲ.

ಉತ್ತರ: ಬೈಯುವಂಥ ಪ್ರಶ್ನೆಯೇನಲ್ಲ ಇದು. ಆ ಹೆಸರನ್ನು ಮೊದಲ ಸಲ ಓದಿದ ಯಾರಿಗಾದರೂ ಹೊಳೆಯುವುದೇ. ಆದರೆ ಉತ್ತರ ಬೇಕಿದ್ದರೆ ಹೆಸರನ್ನು ಬಿಟ್ಟು 1933ರ ಮೇ ತಿಂಗಳ ಮೊದಲ ಎರಡು ದಿನಗಳನ್ನು ನೋಡಬೇಕು.

ಹಿಟ್ಲರ್ ಚಾನ್ಸಲರ್ ಆಗಿ ಆಗ ಮೂರು ತಿಂಗಳು. ಮೇ 1ನ್ನು ಅವನ ಸರ್ಕಾರ ಸಂಬಳಸಹಿತ ರಾಷ್ಟ್ರೀಯ ರಜೆಯೆಂದು ಘೋಷಿಸಿತು. ಕಾರ್ಮಿಕ ಸಂಘಗಳು ಬಹುಕಾಲದಿಂದ ಕೇಳುತ್ತಲೇ ಬಂದಿದ್ದ ರಜೆ ಅದು. ಬರ್ಲಿನ್ನಿನ ಟೆಂಪೆಲ್‌ಹೋಫ್ ಮೈದಾನದಲ್ಲಿ ಜನಸಾಗರ ಸೇರಿತು, ಶ್ರಮದ ಮಹಿಮೆಯನ್ನು ಹಾಡಿ ಹೊಗಳಲಾಯಿತು. ಹೊಂದಿಕೊಂಡು ಹೋದರೆ ಸಂಘಟನೆಯಾದರೂ ಉಳಿದೀತೆಂಬ ಆಸೆಯಿಂದ ಸಂಘಗಳ ಮುಖಂಡರೇ ತಮ್ಮ ಸದಸ್ಯರನ್ನು ಭಾಗವಹಿಸುವಂತೆ ಕೇಳಿಕೊಂಡಿದ್ದರು. ಮರುದಿನ ಬೆಳಿಗ್ಗೆ ಪಕ್ಷದ ಸಮವಸ್ತ್ರಧಾರಿ ಪಡೆಗಳು ದೇಶದುದ್ದಕ್ಕೂ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿದವು. ಹಣ, ಕಟ್ಟಡ, ಕಡತ ಎಲ್ಲವೂ ವಶ, ಮುಖಂಡರು ಬಂಧನದಲ್ಲಿ. ಹಬ್ಬಕ್ಕೆ ಕರೆ ಕೊಟ್ಟಿದ್ದ ಥಿಯೊಡೋರ್ ಲೈಪಾರ್ಟ್ ಕೂಡ ಅವರಲ್ಲೊಬ್ಬ. ಮುಷ್ಕರದ ಹಕ್ಕು ಹೋಯಿತು. ಮಾಲೀಕರೊಂದಿಗೆ ಕುಳಿತು ಕೂಲಿಯ ಚೌಕಾಸಿ ನಡೆಸುವ ಹಕ್ಕೂ ಹೋಯಿತು.

ಮುಂದಿನ ವರ್ಷ, 1934ರ ಜನವರಿಯಲ್ಲಿ, ಕೈಗಾರಿಕಾ ಸಂಬಂಧಗಳ ಬಗ್ಗೆ ಒಂದು ಕಾನೂನು ಬಂತು. ಅದರಲ್ಲಿ ಕಾರ್ಖಾನೆಯ ಮಾಲೀಕನನ್ನು ‘ನಾಯಕ’ ಎಂದೂ ಕೆಲಸಗಾರರನ್ನು ‘ಅನುಯಾಯಿಗಳು’ ಎಂದೂ ಕರೆದಿದ್ದರು. ರಾಜಕೀಯ ಪರಿಭಾಷೆಯ ಕೈಚಳಕ ನೋಡಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಮಾಲೀಕ ಮತ್ತು ಕೂಲಿ ಎಂಬ ಪದಗಳನ್ನೇ ಎತ್ತಿಬಿಟ್ಟರೆ ಅವರ ನಡುವಿನ ತಕರಾರನ್ನು ಯಾವ ಮಾತಿನಲ್ಲಿ ಹೇಳುವುದು?

ಹಾಗಾದರೆ ಆ ಹೆಸರು ಬಂದದ್ದೆಲ್ಲಿಂದ? 1919ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದಾಗ ಅದು ಬರಿಯ ‘ಜರ್ಮನ್ ಕಾರ್ಮಿಕರ ಪಕ್ಷ’. 1920ರಲ್ಲಿ ಮುಂದೆ ಎರಡು ಪದ ಸೇರಿದವು. ಆ ಕಾಲದ ಜರ್ಮನಿಯಲ್ಲಿ ಸಮಾಜವಾದ ಎಂಬ ಪದಕ್ಕೆ ಒಳ್ಳೆಯ ಬೆಲೆಯಿತ್ತು. ದುಡಿಯುವ ಜನರ ಮತಗಳು ಸೋಷಿಯಲ್ ಡೆಮಾಕ್ರಟಿಕ್ ಮತ್ತು ಕಮ್ಯುನಿಸ್ಟ್ ಪಕ್ಷಗಳ ಕೈಯಲ್ಲಿದ್ದವು. ಪೋಸ್ಟರುಗಳಿಗೆ ಕೆಂಪು ಬಣ್ಣವನ್ನು ಬೇಕೆಂದೇ ಆರಿಸಿದ್ದಾಗಿ, ಎಡದವರನ್ನು ಕೆಣಕಿ ತನ್ನ ಸಭೆಗಳಿಗೆ ಸೆಳೆಯುವುದೇ ಉದ್ದೇಶವಾಗಿತ್ತೆಂದು ಹಿಟ್ಲರ್ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಬಣ್ಣದ ಕಥೆಯೇ ಪದದ ಕಥೆಯೂ ಹೌದು. ಮಾರ್ಕ್ಸ್‌ವಾದಿಗಳು ಕದ್ದ ಪದವನ್ನು ತಾನು ಮರಳಿ ಪಡೆಯುತ್ತಿದ್ದೇನೆ ಎಂಬುದು ಅವನ ವಾದವಾಗಿತ್ತು.

1920ರ ಫೆಬ್ರವರಿಯಲ್ಲಿ ಓದಿದ 25 ಅಂಶಗಳ ಪ್ರಣಾಳಿಕೆಯನ್ನು ಇಲ್ಲಿ ಮರೆಮಾಚಿದರೆ ತಪ್ಪಾಗುತ್ತದೆ. ದೊಡ್ಡ ಉದ್ದಿಮೆಗಳ ಲಾಭದಲ್ಲಿ ಪಾಲು, ಟ್ರಸ್ಟುಗಳ (ಅಂದರೆ ಒಂದುಗೂಡಿದ ದೊಡ್ಡ ಕಂಪನಿಕೂಟಗಳ) ರಾಷ್ಟ್ರೀಕರಣ, ಪರಿಹಾರವಿಲ್ಲದೆ ಭೂಮಿ ವಶ: ಇವೆಲ್ಲ ಅದರಲ್ಲಿದ್ದವು. ಯಹೂದಿಯಾದವನು ನಾಗರಿಕನಾಗಲಾರ ಎಂಬುದೂ ಅದರಲ್ಲೇ ಇತ್ತು. ಎರಡು ಬಗೆಯ ಮಾತುಗಳಲ್ಲಿ ಯಾವುದು ಉಳಿಯಿತು ಎಂಬುದು ಮುಖ್ಯ. ಭೂಮಿಯ ಅಂಶ ಯಹೂದಿ ಭೂವ್ಯವಹಾರ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆ, ಪಕ್ಷ ಖಾಸಗಿ ಆಸ್ತಿಯ ಪರ ಎಂದು 1928ರಲ್ಲಿ ಹಿಟ್ಲರನೇ ವಿವರಣೆ ಕೊಟ್ಟ. ಸಮಾಜವಾದವನ್ನು ನಿಜವೆಂದು ನಂಬಿದ್ದ ಓಟೋ ಸ್ಟ್ರಾಸರ್ 1930ರಲ್ಲಿ ಪಕ್ಷ ತೊರೆದ. ಅವನ ಅಣ್ಣ ಗ್ರೆಗೋರ್ 1934ರಲ್ಲಿ ನಾಜಿಗಳ ಕೈಯಲ್ಲೇ ಕೊಲೆಯಾದ. ಅಧಿಕಾರ ಸಿಕ್ಕ ಮೇಲೆ, 1933ರ ಫೆಬ್ರವರಿ 20ರಂದು, ದೊಡ್ಡ ಉದ್ಯಮಿಗಳನ್ನು ಕರೆಸಿ ಚುನಾವಣೆಗೆ ಹಣ ಕೇಳಲಾಯಿತು; ಅವರು ಕೊಟ್ಟರು ಕೂಡ. ಆರ್ಥಿಕ ಕುಸಿತದ ದಿನಗಳಲ್ಲಿ ಸರ್ಕಾರದ ಕೈಸೇರಿದ್ದ ದೊಡ್ಡ ಬ್ಯಾಂಕುಗಳ ಷೇರುಗಳು 1930ರ ದಶಕದ ನಡುವೆ ಮತ್ತೆ ಖಾಸಗಿಯವರಿಗೆ ಹೋದವು.

ಇಷ್ಟು ಹೇಳಿದಾಗ ಬರುವ ಮರುಪ್ರಶ್ನೆ ನನಗೆ ಗೊತ್ತಿದೆ: ಬೆಲೆ ನಿಯಂತ್ರಣ, 1936ರ ನಾಲ್ಕು ವರ್ಷಗಳ ಯೋಜನೆ, ಸರ್ಕಾರದ್ದೇ ಉಕ್ಕಿನ ಕಂಪನಿ? ಹೌದು, ಅವೆಲ್ಲ ಇದ್ದವು. ವಿಮಾನ ತಯಾರಕ ಹ್ಯೂಗೋ ಯುಂಕರ್ಸ್‌ನಿಂದ ಅವನ ಕಂಪನಿಯನ್ನೇ ಕಿತ್ತುಕೊಂಡರು. ಅದು ಮುಕ್ತ ಮಾರುಕಟ್ಟೆಯಾಗಿರಲಿಲ್ಲ. ಆದರೆ ಸರ್ಕಾರ ಎಲ್ಲದಕ್ಕೂ ಕೈಹಾಕುವುದೇ ಸಮಾಜವಾದವಾದರೆ ಯುದ್ಧಕ್ಕೆ ಸಜ್ಜಾದ ಪ್ರತಿಯೊಬ್ಬ ರಾಜನೂ ಸಮಾಜವಾದಿಯೇ. 1789ರ ಫ್ರಾನ್ಸಿನ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ, ಎದುರಿದ್ದವರು ಎಡಕ್ಕೆ ಕುಳಿತಾಗ ಹುಟ್ಟಿದ ಈ ಪದಗಳು ಸಮಾನತೆಯ ಜಗಳದಿಂದ ಬಂದವು. ಮನುಷ್ಯರು ರಕ್ತದಿಂದಲೇ ಮೇಲು ಕೀಳು ಎಂದು ನಂಬಿದ ಪಕ್ಷವನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿ ಇತಿಹಾಸಕಾರರಿಗೆ ದೊಡ್ಡ ಗೊಂದಲವೇನಿಲ್ಲ.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವ ಗಾದೆಗೆ ಪಕ್ಷಗಳು, ದೇಶಗಳು ಸಾಲುಸಾಲಾಗಿ ಸಾಕ್ಷಿ ಹೇಳುತ್ತವೆ. ಪೂರ್ವ ಜರ್ಮನಿಯ ಅಧಿಕೃತ ಹೆಸರಿನಲ್ಲಿ ‘ಪ್ರಜಾಸತ್ತಾತ್ಮಕ’ ಇತ್ತು, ಉತ್ತರ ಕೊರಿಯದ ಹೆಸರಿನಲ್ಲಿ ಇಂದಿಗೂ ಇದೆ. ಜಪಾನಿನ ಲಿಬರಲ್ ಡೆಮಾಕ್ರಟಿಕ್ ಪಕ್ಷ ಸಂಪ್ರದಾಯವಾದಿ. ಪೋರ್ಚುಗಲ್‌ನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಮಧ್ಯದಿಂದ ಬಲಕ್ಕೆ ವಾಲಿದ್ದು. ಹೆಸರನ್ನೇ ಪುರಾವೆ ಎನ್ನುವವರು ಉತ್ತರ ಕೊರಿಯವನ್ನು ಪ್ರಜಾಪ್ರಭುತ್ವವೆಂದು ಒಪ್ಪುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಿ.

ನಿಜ ಹೇಳಬೇಕೆಂದರೆ ಈ ಜಗಳ 1933ರ ಜರ್ಮನಿಯ ಕುರಿತದ್ದೇ ಅಲ್ಲ. ಹಿಟ್ಲರ್ ಎಂಬ ಹೆಣವನ್ನು ಬೇಲಿಯಾಚೆ, ಎದುರು ಪಂಥದವರ ಅಂಗಳಕ್ಕೆ ಎಸೆಯುವ ಆಟ ಇದು. ಎಡದವರೂ ಇದನ್ನು ಬಿಟ್ಟವರಲ್ಲ: ಒಪ್ಪದ ಪ್ರತಿಯೊಬ್ಬನಿಗೂ ‘ಫ್ಯಾಸಿಸ್ಟ್’ ಎಂಬ ಮುದ್ರೆಯೊತ್ತಿ ಆ ಪದದ ಅಂಚನ್ನೇ ಸವೆಸಿದ್ದಾರೆ. ನಾಜಿಗಳು ಎಡಪಂಥೀಯರಲ್ಲ ಎಂದ ಮಾತ್ರಕ್ಕೆ ಸ್ಟಾಲಿನ್ನನ ಸೆರೆಶಿಬಿರಗಳಿಗೆ ಮಾಫಿ ಸಿಗುವುದೂ ಇಲ್ಲ. ಅದು ಬೇರೆಯೇ ಲೆಕ್ಕ.

ಮುಂದಿನ ಸಲ ಯಾರಾದರೂ ಪಕ್ಷದ ಹೆಸರನ್ನು ಮುಂದಿಟ್ಟರೆ 1933ರ ಮಾರ್ಚ್ 23ರ ಮತ ಎಣಿಕೆಯನ್ನು ಕೇಳಿ. ಹಿಟ್ಲರನಿಗೆ ಸರ್ವಾಧಿಕಾರ ಕೊಟ್ಟ ಮಸೂದೆಯ ಪರ 444 ಮತಗಳು ಬಿದ್ದವು, ವಿರುದ್ಧ 94. ಆ 94ರಲ್ಲಿ ಪ್ರತಿಯೊಂದೂ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ್ದು. ಕಮ್ಯುನಿಸ್ಟರ 81 ಸದಸ್ಯರಲ್ಲಿ ಒಬ್ಬರೂ ಮತ ಹಾಕಲಿಲ್ಲ. ಅವರು ಜೈಲಿನಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು.