ಮಜ್ಜಿಗೆ ಕುಡಿದರೆ ಮಾತ್ರೆ ಬಿಡಬಹುದೇ?

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಹಾಸನದಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಮತ್ತೆ ಬಂದಾಗ ರಕ್ತಭೇದಿ ಮರುಕಳಿಸಿತ್ತು. ಅವರಿಗೆ ದೊಡ್ಡ ಕರುಳಿನ ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್ ಇದೆ. ಹಿಂದಿನ ಆರು ತಿಂಗಳು ಆರಾಮವಾಗಿದ್ದುದರಿಂದ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ನಿಲ್ಲಿಸಿ, ದಿನಕ್ಕೆ ನಾಲ್ಕು ಲೋಟ ಮಜ್ಜಿಗೆ ಕುಡಿಯತೊಡಗಿದ್ದರು. "ಒಳ್ಳೇ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೆ ಸಾಕಲ್ಲವೇ ಡಾಕ್ಟ್ರೇ?" ಎಂದು ಕೇಳಿದರು.

ಮಜ್ಜಿಗೆಯ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಿಗೆ ಬಂದುಹೋಗುವ ನೆಂಟರು. ಅಲ್ಲೇ ನೆಲೆಸಿರುವವುಗಳ ಸಂಖ್ಯೆ, 2016ರ ಒಂದು ಅಂದಾಜಿನಂತೆ, ಸುಮಾರು 38 ಲಕ್ಷ ಕೋಟಿ. ನಮ್ಮ ದೇಹದ ಸ್ವಂತ ಜೀವಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ಇಷ್ಟೊಂದು ಪರಕೀಯ ಜೀವಿಗಳು ಪಕ್ಕದಲ್ಲಿದ್ದೂ ರೋಗನಿರೋಧಕ ವ್ಯವಸ್ಥೆ ಅವುಗಳ ಮೇಲೆ ಮುಗಿಬೀಳದಿರಲು ಕಾರಣಗಳಿವೆ. ಕರುಳಿನ ಒಳಗೋಡೆಯನ್ನು ಲೋಳೆಯ ಪದರವೊಂದು ಹೊದ್ದಿರುತ್ತದೆ. ಐಜಿಎ ಎಂಬ ಪ್ರತಿಕಾಯಗಳು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವು ಗೋಡೆಯನ್ನು ಮುಟ್ಟದಂತೆ ತಡೆಯುತ್ತವೆ. ಅದಕ್ಕಿಂತ ಸ್ವಾರಸ್ಯಕರವಾದದ್ದು ಬ್ಯಾಕ್ಟೀರಿಯಾಗಳೇ ಸಲ್ಲಿಸುವ ಬಾಡಿಗೆ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು, ಅಂದರೆ ರಾಗಿಯ ತವುಡು, ಹುರುಳಿ, ಸೊಪ್ಪುಗಳಲ್ಲಿನ ಅಂಶವನ್ನು, ಅವು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಇದೇ ಮುಖ್ಯ ಇಂಧನ. ಜೊತೆಗೆ, ರೋಗನಿರೋಧಕ ವ್ಯವಸ್ಥೆಯ ಅತಿರೇಕದ ಪ್ರತಿಕ್ರಿಯೆಯನ್ನು ತಣಿಸುವ ನಿಯಂತ್ರಕ ಟಿ ಕೋಶಗಳು ಹೆಚ್ಚಲು ಇದು ನೆರವಾಗುತ್ತದೆಂದು ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ.

ಕರುಳಿನ ಉರಿಯೂತವುಳ್ಳ ಅನೇಕರಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಕಡಿಮೆ ಇರುತ್ತವೆ. ಆದರೆ ಅದರಿಂದಲೇ ರೋಗ ಬಂತೆಂದು ಹೇಳಲಾಗದು, ಏಕೆಂದರೆ ಉರಿಯೂತವಿರುವ ಕರುಳಿನಲ್ಲಿ ಆಮ್ಲಜನಕ ಮತ್ತು ನೈಟ್ರೇಟ್ ಹೆಚ್ಚಿ, ಆಮ್ಲಜನಕ ತಾಳದ ಈ ಬ್ಯಾಕ್ಟೀರಿಯಾಗಳು ಸೊರಗಿ, ಆಮ್ಲಜನಕ ತಾಳಬಲ್ಲ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಬಳಗ ಬೆಳೆಯುತ್ತದೆ. ಒಂದು ಇನ್ನೊಂದನ್ನು ಕೆಣಕುವ ಈ ಸುತ್ತು ಒಮ್ಮೆ ಶುರುವಾದರೆ ಮಜ್ಜಿಗೆಯೊಂದರಿಂದಲೇ ಮುರಿಯುವುದಿಲ್ಲ. ಮೊದಲು ಉರಿಯೂತವನ್ನು ಔಷಧಿಯಿಂದ ತಗ್ಗಿಸಬೇಕು.

ಆದ್ದರಿಂದ ಮಾತ್ರೆಯನ್ನು ಮತ್ತೆ ಆರಂಭಿಸಿದೆವು. ಮಜ್ಜಿಗೆಗೆ ನನ್ನ ಆಕ್ಷೇಪವಿರಲಿಲ್ಲ, ಮುದ್ದೆಗಂತೂ ಇಲ್ಲ, ಆದರೆ ಭೇದಿ ಹತೋಟಿಗೆ ಬರುವವರೆಗೆ ಹುರುಳಿಕಾಳು, ಹಸಿ ತರಕಾರಿ ಬೇಡವೆಂದೆ. ಕರುಳಿನ ಉರಿಯೂತದ ಇನ್ನೊಂದು ಬಗೆಯಾದ ಕ್ರೋನ್ಸ್ ರೋಗದಿಂದ ಕರುಳು ಕಿರಿದಾದವರಿಗಂತೂ ಒರಟು ನಾರು ಅಡ್ಡಗಟ್ಟಿ ನೋವು ತರಬಹುದು. ಮುಂದಿನ ಸಲ ಬರುವಾಗ ಕರುಳಿನ ಉರಿಯೂತ ಎಷ್ಟಿದೆಯೆಂದು ಸೂಚಿಸುವ, ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿ ವರದಿ ತರಲು ಅವರಿಗೆ ಬರೆದುಕೊಟ್ಟಿದ್ದೇನೆ.