ಫ್ಲಶ್ ಒತ್ತಿದರೂ ಹೋಗದ ಕಮೋಡ್: ದೋಷ ಹುಡುಕುವ ಟಿಪ್ಪಣಿ

ಫ್ಲಶ್ ಸರಿಯಿಲ್ಲ ಎಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಟ್ಯಾಂಕಿನ ಮುಚ್ಚಳಕ್ಕೆ. ಅದನ್ನು ಆಮೇಲೆ ನೋಡೋಣ, ಮೊದಲು ಒಂದು ಬಕೆಟ್ ನೀರು ಬೇಕು. ಕಮೋಡಿನಲ್ಲಿ ನೀರು ಆಗಲೇ ಮೇಲೇರಿ ನಿಂತಿಲ್ಲ ಎಂದು ಖಾತ್ರಿ ಮಾಡಿಕೊಂಡು, 6ರಿಂದ 8 ಲೀಟರ್ ನೀರನ್ನು ಎರಡು ಮೂರು ಸೆಕೆಂಡಿನಲ್ಲಿ ಒಮ್ಮೆಲೇ ಸುರಿಯಿರಿ.

ಎಲ್ಲವೂ ಸಲೀಸಾಗಿ ಇಳಿದುಹೋದರೆ ಕಮೋಡೂ ಪೈಪೂ ಸರಿಯಿವೆ, ದೋಷ ಟ್ಯಾಂಕಿನಲ್ಲಿ ಅಥವಾ ಟ್ಯಾಂಕಿನಿಂದ ಕಮೋಡಿಗೆ ನೀರು ಬರುವ ದಾರಿಯಲ್ಲಿದೆ. ನೀರು ಏರಿ ನಿಂತು ನಿಧಾನಕ್ಕೆ ಇಳಿದರೆ ಟ್ರ್ಯಾಪ್ (ಕಮೋಡಿನ ತಳದಲ್ಲಿ ನೀರು ನಿಲ್ಲುವ ಬಾಗಿದ ದಾರಿ) ಅಥವಾ ಪೈಪ್ ಕಟ್ಟಿಕೊಂಡಿದೆ. ಇಳಿಯುವಾಗ ಗುಳುಗುಳು ಸದ್ದಾಗಿ ಬಚ್ಚಲಿನ ಜಾಲರಿಯಲ್ಲೂ ಗುಳ್ಳೆ ಎದ್ದರೆ ತೊಂದರೆ ಇನ್ನೂ ಮುಂದೆ, ಹೊರಗಿನ ಲೈನಿನಲ್ಲಿ ಅಥವಾ ಗಾಳಿಯಾಡಲು ಇರುವ ವೆಂಟ್ ಪೈಪಿನಲ್ಲಿದೆ. ಈ ಒಂದು ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಪ್ರೆಶರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ

"ಮೇಲಿನ ಟ್ಯಾಂಕಿನಿಂದ ಪ್ರೆಶರ್ ಬರ್ತಿಲ್ಲ, ಅದಕ್ಕೇ ಫ್ಲಶ್ ಹೋಗ್ತಿಲ್ಲ" ಎನ್ನುವುದನ್ನು ನಂಬಬೇಡಿ. ಫ್ಲಶ್ ಟ್ಯಾಂಕ್ ಇರುವ ಕಮೋಡಿನಲ್ಲಿ ಪ್ರೆಶರ್ ಕಡಿಮೆಯಾದರೆ ಟ್ಯಾಂಕ್ ತುಂಬಲು ತಡವಾಗುತ್ತದೆ, ಅಷ್ಟೇ. ತುಂಬಿದ ಮೇಲೆ ನೀರಿನ ರಭಸ ನಿರ್ಧಾರವಾಗುವುದು ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಅದು ಎಷ್ಟು ಬೇಗ ಬೀಳುತ್ತದೆ ಎಂಬುದರಿಂದ. ಟ್ಯಾಂಕೇ ಇಲ್ಲದೆ ಗೋಡೆಯಲ್ಲಿ ನೇರ ಫ್ಲಶ್ ವಾಲ್ವ್ ಕೂರಿಸಿದ್ದರೆ ಮಾತು ಬೇರೆ. ಅಲ್ಲಿ ಪ್ರೆಶರೇ ಎಲ್ಲ. ಓವರ್‌ಹೆಡ್ ಟ್ಯಾಂಕಿನ ಕೆಳಗೇ ಇರುವ ಮೇಲಿನ ಮಹಡಿಯಲ್ಲಿ ಅಂಥ ವಾಲ್ವ್ ಸೋಲುವುದು ಸಹಜ.

ಟ್ಯಾಂಕ್

ನೀರಿನ ಮಟ್ಟ ಒಳಗಿನ ಗೆರೆಗೆ ಸರಿಯಾಗಿರಬೇಕು. ಗೆರೆ ಇಲ್ಲದಿದ್ದರೆ ಓವರ್‌ಫ್ಲೋ ಪೈಪಿನ ಬಾಯಿಗಿಂತ ಸುಮಾರು ಒಂದು ಅಂಗುಲ ಕೆಳಗಿರಲಿ. ಕಡಿಮೆಯಿದ್ದರೆ ಫ್ಲೋಟಿನ ಸ್ಕ್ರೂ ತಿರುಗಿಸಿ ಏರಿಸಿ. ಟ್ಯಾಂಕ್ ತುಂಬಲು ಎರಡು ಮೂರು ನಿಮಿಷಕ್ಕಿಂತ ಬಹಳ ಹೆಚ್ಚು ಹಿಡಿದರೆ ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ) ಮುಚ್ಚಿ, ಕನೆಕ್ಷನ್ ಪೈಪ್ ಬಿಚ್ಚಿ, ಬಾಲ್ ಕಾಕಿನ (ಫ್ಲೋಟ್ ಏರಿದಾಗ ನೀರು ನಿಲ್ಲಿಸುವ ವಾಲ್ವಿನ) ಬಾಯಲ್ಲಿರುವ ಪುಟ್ಟ ಜಾಲರಿ ನೋಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅಲ್ಲಿ ಮರಳು ಕಟ್ಟಿರುತ್ತದೆ.

ಎರಡು ಬಟನ್ನಿನ ಟ್ಯಾಂಕಿನಲ್ಲಿ ಬಟನ್ನಿನ ಕೆಳಗಿನ ಕಡ್ಡಿಗಳ ಉದ್ದವನ್ನು ತಪ್ಪದೆ ಪರೀಕ್ಷಿಸಿ. ಕಡ್ಡಿ ಗಿಡ್ಡವಾದರೆ ವಾಲ್ವ್ ಪೂರ್ತಿ ಏಳುವುದಿಲ್ಲ, ಅರ್ಧ ನೀರು ಒಳಗೇ ಉಳಿಯುತ್ತದೆ. ಉದ್ದವಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ನೀರು ಸದಾ ಸೋರಿ ಮಟ್ಟ ಏರುವುದೇ ಇಲ್ಲ. ಸೋರಿಕೆ ಕಣ್ಣಿಗೆ ಕಾಣದಿದ್ದರೆ ಅಡುಗೆಗೆ ಬಳಸುವ ಬಣ್ಣ ಒಂದು ಚಿಟಿಕೆ ಟ್ಯಾಂಕಿಗೆ ಹಾಕಿ ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ವಾಲ್ವಿನ ಕೆಳಗಿನ ವಾಷರ್ ಬದಲಿಸಬೇಕು. ಹಳೆ ವಾಷರ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ, ಕಂಪನಿಯಿಂದ ಕಂಪನಿಗೆ ಅಳತೆ ಬೇರೆ.

ಗೋಡೆಗೆ ತಗುಲಿಸಿದ, ಲಿವರ್ ಇರುವ ಪಿವಿಸಿ ಟ್ಯಾಂಕಿನ ಕಥೆಯೇ ಬೇರೆ. ಅದರೊಳಗೆ ಸೈಫನ್ ಇರುತ್ತದೆ. ಲಿವರ್ ಒತ್ತಿದಾಗ ಒಳಗಿನ ತಟ್ಟೆ ಮೇಲೆದ್ದು ನೀರನ್ನು ಬಾಗಿದ ಕೊಳವೆಯ ಆಚೆಗೆ ತಳ್ಳುತ್ತದೆ, ಒಮ್ಮೆ ದಾಟಿದ ನೀರು ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಆ ತಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ತೆಳು ಹಾಳೆಯೊಂದಿದೆ. ಅದು ಹರಿದಿದ್ದರೆ ನೀರು ಏಳದೆ ಸಂದಿಯಲ್ಲೇ ಜಾರಿಹೋಗುತ್ತದೆ. ಮೂರು ನಾಲ್ಕು ಸಲ ಒತ್ತಿದರೆ ಮಾತ್ರ ಫ್ಲಶ್ ಆಗುತ್ತದೆ ಎಂದರೆ ಬಹುಪಾಲು ಇದೇ ಕಾರಣ. ಆಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಫ್ಲಶ್ ಪೈಪಿನ ನಟ್ಟು, ಆಮೇಲೆ ಸೈಫನ್ನಿನ ನಟ್ಟು ಬಿಚ್ಚಿ, ಲಿವರಿನ ಕೊಕ್ಕೆ ತಪ್ಪಿಸಿ ಸೈಫನ್ ಹೊರತೆಗೆಯಿರಿ. ಹಾಳೆ ಸಿಗದಿದ್ದರೆ ಇಡೀ ಸೈಫನ್ ಸೆಟ್ ಹಾಕುವುದೇ ಲೇಸು. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ ಮೇಲೆ ಕಾಲು ಸುತ್ತು ಸಾಕು, ಸ್ಪಾನರ್ ಹಾಕಿ ತಿರುಚಿದರೆ ಸೀಳುತ್ತದೆ.

ಫ್ಲಶ್ ಪೈಪ್ ಕಮೋಡಿನ ಹಿಂಬದಿಗೆ ಸೇರುವ ಜಾಗವನ್ನೂ ನೋಡಿ. ಪೈಪ್ ಅತಿಯಾಗಿ ಒಳಗೆ ನುಗ್ಗಿದ್ದರೆ ಅದರ ಬಾಯಿ ಎದುರಿನ ಗೋಡೆಗೆ ತಾಗಿ ನೀರಿನ ರಭಸ ಸತ್ತುಹೋಗುತ್ತದೆ.

ಅಂಚಿನ ರಂಧ್ರಗಳು

ಟ್ಯಾಂಕ್ ಸರಿಯಿದ್ದು ನೀರು ಒಂದೇ ಪಕ್ಕದಿಂದ ಇಳಿಯುತ್ತಿದ್ದರೆ ಕೈಗನ್ನಡಿ, ಟಾರ್ಚ್ ಹಿಡಿದು ಕಮೋಡಿನ ಅಂಚಿನ ಅಡಿ ನೋಡಿ. ಗಡಸು ನೀರಿನ ಸುಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ. ಹಳೆ ಬಟ್ಟೆಯ ಪಟ್ಟಿಗಳನ್ನು ಅದರಲ್ಲಿ ಅದ್ದಿ ಅಂಚಿನ ಅಡಿಗೆ ತುರುಕಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿ. ಪಟ್ಟಿಗಳನ್ನು ಲೆಕ್ಕಹಾಕಿ ತೆಗೆಯಿರಿ, ಒಂದು ಒಳಗೆ ಜಾರಿದರೆ ಹೊಸ ಕೆಲಸ ಶುರು. ಟಾಯ್ಲೆಟ್ ಆಸಿಡ್ಡನ್ನು ಟ್ಯಾಂಕಿಗೆ ಸುರಿಯಲೇಬೇಡಿ, ಬೋಲ್ಟು, ವಾಷರ್ ಹಾಳಾಗುತ್ತವೆ. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಟಾಯ್ಲೆಟ್ಟಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಟ್ರ್ಯಾಪ್ ಕಟ್ಟಿದ್ದರೆ

ಸಿಂಕಿನ ಚಪ್ಪಟೆ ಪ್ಲಂಜರ್ ಕಮೋಡಿಗೆ ಕೂರುವುದಿಲ್ಲ, ಕೆಳಗೆ ಇನ್ನೊಂದು ರಬ್ಬರ್ ಕಂಠ ಇರುವುದೇ ಬೇಕು. ರಬ್ಬರ್ ಮುಳುಗುವಷ್ಟು ನೀರಿರಲಿ. ಗಾಳಿ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಹಾಗಾಗಿ ಒಳಗೆ ಗಾಳಿ ತುಂಬಿದ್ದರೆ ನಿಮ್ಮ ಶ್ರಮವೆಲ್ಲ ಗಾಳಿಗೇ. ಮೊದಲ ಸಲ ನಿಧಾನಕ್ಕೆ ಒತ್ತಿ, ಆಮೇಲೆ ಹಿಡಿತ ಬಿಡದೆ ಹದಿನೈದು ಇಪ್ಪತ್ತು ಸಲ ಜೋರಾಗಿ ಒತ್ತಿ ಎಳೆಯಿರಿ. ಸೋಪು, ಬ್ರಷ್, ಬಾಟಲಿ ಮುಚ್ಚಳ ಬಿದ್ದಿದೆ ಎಂದು ಗೊತ್ತಿದ್ದರೆ ಪ್ಲಂಜರ್ ಬೇಡ, ಅದು ವಸ್ತುವನ್ನು ಇನ್ನೂ ಒಳಗೆ ತಳ್ಳುತ್ತದೆ. ಸ್ಪ್ರಿಂಗ್ ವೈರ್ ಹಾಕಿ ಸಿಕ್ಕಿಸಿ ಹೊರಗೆಳೆಯಬೇಕು. ಕುದಿಯುವ ನೀರು ಸುರಿದರೆ ಸೆರಾಮಿಕ್ ಬಿರುಕು ಬಿಡಬಹುದು.

ಹೊರಗೆ

ಚೇಂಬರಿನ (ಮನೆಯ ಹೊರಗೆ ಲೈನ್ ಹಾದುಹೋಗುವ ತಪಾಸಣೆ ಗುಂಡಿಯ) ಮುಚ್ಚಳ ತೆಗೆದು, ಒಳಗೆ ಫ್ಲಶ್ ಮಾಡಿಸಿ ನೋಡಿ. ಚೇಂಬರ್ ತುಂಬಿ ನಿಂತಿದ್ದರೆ ಕಟ್ಟಿರುವುದು ಅದರ ಮುಂದೆ. ಒಣಗಿದ್ದರೆ ಕಮೋಡಿಗೂ ಚೇಂಬರಿಗೂ ನಡುವೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮಾತ್ರ ಈ ತೊಂದರೆ ಕಂಡರೆ ಇಂಗುಗುಂಡಿಯ ಸುತ್ತಲಿನ ಮಣ್ಣು ನೀರು ಕುಡಿದು ತುಂಬಿರುತ್ತದೆ, ಕಮೋಡನ್ನು ಬಿಚ್ಚಿ ಪ್ರಯೋಜನವಿಲ್ಲ. ಗುಂಡಿಗೆ ಯಾರನ್ನೂ ಇಳಿಸಬೇಡಿ. ವಿಷಾನಿಲದ ಅಪಾಯ ಒಂದು ಕಡೆ, ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚುವುದರ ವಿರುದ್ಧದ 2013ರ ಕಾಯ್ದೆಯ ನಿಷೇಧ ಇನ್ನೊಂದು ಕಡೆ. ಸಕ್ಕಿಂಗ್ ಲಾರಿ ಕರೆಸಿ.

ಎಲ್ಲ ಸರಿಯಿದ್ದೂ ಫ್ಲಶ್ ಸೋಲುವ ಎರಡು ಸಂದರ್ಭಗಳಿವೆ. 10 ಲೀಟರ್ ನೀರಿಗೆಂದು ಮಾಡಿದ ಹಳೆ ಕಮೋಡಿಗೆ 6 ಲೀಟರಿನ ಹೊಸ ಟ್ಯಾಂಕ್ ಕೂರಿಸಿರುವುದು ಒಂದು. ನವೀಕರಣದಲ್ಲಿ ಕಮೋಡನ್ನು ದೂರಕ್ಕೆ ಸರಿಸಿ, ಪೈಪಿಗೆ ಇಳಿಜಾರೇ ಕೊಡದಿರುವುದು ಇನ್ನೊಂದು. ನಾಲ್ಕು ಅಂಗುಲದ ಪೈಪಿಗೆ ಮೀಟರಿಗೆ ಸುಮಾರು 25 ಮಿಲಿಮೀಟರ್ ಇಳಿಜಾರು ಬೇಕು. ಇವೆರಡಕ್ಕೂ ವಾಷರ್ ಬದಲಿಸಿ ಹಣ ಕೇಳುವುದು ನ್ಯಾಯವಲ್ಲ; ಮನೆಯವರಿಗೆ ಇದ್ದದ್ದನ್ನು ಹೇಳಿ, ಮೊದಲನೆಯದಕ್ಕೆ ಹೊಂದುವ ಕಮೋಡ್ ಹಾಕಿಸಿ, ಎರಡನೆಯದಕ್ಕೆ ನೆಲ ಒಡೆದು ಲೈನ್ ಮತ್ತೆ ಹಾಕಿಸಿ.