ಎಳೆ ಎಳೆಯುವಾಗ ಉಸಿರು ಎಲ್ಲಿತ್ತು?

ಶಾಲೆಗಳಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. 5ನೇ ಕ್ಲಾಸಿನ ಮಕ್ಕಳನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, "ಕಣ್ಣು ಮುಚ್ಚಿ, ಉಸಿರಿನ ಕಡೆ ಗಮನ ಕೊಡಿ" ಅಂದೆ. ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದರು. ಆಮೇಲೆ ಒಬ್ಬ ಕಿಸಕ್ಕನೆ ನಕ್ಕ. ಇಡೀ ಕ್ಲಾಸು ಜೊತೆಗೂಡಿತು. ಹಿಂದಿನ ಸಾಲಿನ ಒಬ್ಬಳು ಮಾತ್ರ ನಗಲಿಲ್ಲ. ಅವಳು ಕಣ್ಣೇ ಮುಚ್ಚಿರಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು. ಕೆಲವು ಮಕ್ಕಳಿಗೆ ಕಣ್ಣು ಮುಚ್ಚುವುದೇ ಭಯ. ಹೊಡೆತ ಬಡಿತ ಕಂಡ ಮಕ್ಕಳಿಗಂತೂ ಇನ್ನೂ ಜಾಸ್ತಿ. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಈ ಕ್ಷಣ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಗಮನಿಸುವುದನ್ನು ಕಲಿಸುವ, ನಾವು ಮೈಂಡ್‌ಫುಲ್‌ನೆಸ್ ಅನ್ನುವ ಈ ತರಬೇತಿ ಬೆಳೆದದ್ದು ದೊಡ್ಡವರ ನಡುವೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಇದನ್ನು ಆರಂಭಿಸಿದಾಗ ಅವರ ಮುಂದಿದ್ದವರು ವಾಸಿಯಾಗದ ನೋವಿನ ರೋಗಿಗಳು. ಅದನ್ನೇ ಹಾಗೇ ಎತ್ತಿ ಮಕ್ಕಳ ಮುಂದಿಟ್ಟರೆ? ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಜೊತೆ ನಡೆದ 'ಮಿರಿಯಡ್' ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಇಡೀ ಕ್ಲಾಸಿಗೆ ಪಾಠದಂತೆ ಕಲಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ನಾನು ಈಗ ಇದನ್ನು ಕಲಿಸುವುದು ಕಲೆಯ ಮೂಲಕ. ಹಾಗಂತ ಕಲೆಯೇ ಮದ್ದು ಎಂದು ಈ ಅಧ್ಯಯನದಿಂದ ಸಾಬೀತಾಗುವುದಿಲ್ಲ. ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ, ಅಷ್ಟೇ.

ಚುಕ್ಕಿ ರಂಗೋಲಿ.

5 ಚುಕ್ಕಿ, 5 ಸಾಲು ಸಾಕು. ಕಾರಿಡಾರಿನ ನೆಲವನ್ನು ಮಕ್ಕಳೇ ಒರೆಸಲಿ, ಒಣಗಲಿ. ಹೆಬ್ಬೆರಳು, ತೋರುಬೆರಳಿನ ನಡುವೆ ಪುಡಿ ಹಿಡಿದು, ಚುಕ್ಕಿಗೆ ತಾಗದ ಹಾಗೆ ಎಳೆಯನ್ನು ಸುತ್ತಿಸಿಕೊಂಡು ಬರಬೇಕು. ಬೆರಳು ಬಿಗಿಯಾದರೆ ಪುಡಿ ಇಳಿಯುವುದಿಲ್ಲ. ಸಡಿಲವಾದರೆ ಗುಡ್ಡೆ ಬೀಳುತ್ತದೆ. ಮನಸ್ಸು ಆಚೆ ಹೋಗಿದ್ದು ನೆಲದ ಮೇಲೆ ತಕ್ಷಣ ಗೊತ್ತಾಗುತ್ತದೆ, ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ. "ಮಿಸ್, ಇದು ಹುಡುಗೀರ ಕೆಲಸ" ಅಂತ ಒಂದಿಬ್ಬರು ಗೊಣಗುತ್ತಾರೆ. ಎಳೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವರ ನಾಲಿಗೆಯೇ ತುಟಿಯ ಮೂಲೆಗೆ ಬಂದಿರುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವ ಟೀಚರ್‌ಗಳೇ ಜಾಸ್ತಿ. ಮಕ್ಕಳು ಗಲಾಟೆ ಮಾಡದೆ ಕೂತರಲ್ಲ, ಸಾಕು. ಆದರೆ ಅದು ಮೈಮರೆವು. ಮೈಮರೆವು ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ನಾವು ಕಲಿಸಬೇಕೆಂದಿರುವುದು ಅದರ ಪಕ್ಕದ ಇನ್ನೊಂದನ್ನು. ಹಳ್ಳ ದಾಟುವಾಗ ಮೈಯೆಲ್ಲ ಕಣ್ಣಾಗಿ ಹೆಜ್ಜೆ ಇಡುತ್ತೇವಲ್ಲ, ಅದನ್ನು.

ಅದಕ್ಕೆ 40 ನಿಮಿಷದ ಪೀರಿಯಡ್‌ನಲ್ಲಿ ಎರಡೇ ಎರಡು ಸಲ ನಾನು ಮಧ್ಯೆ ಬರುತ್ತೇನೆ. ಕೈ ಅಲ್ಲೇ ನಿಲ್ಲಿಸಿ ಅನ್ನುತ್ತೇನೆ. ಮೊದಲ ಸಲ ಕೇಳುವುದು: ಈ ಎಳೆ ಎಳೆಯುವಾಗ ಉಸಿರು ಎಲ್ಲಿತ್ತು? ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬ ಹುಡುಗ ಇನ್ನೊಂದು ಎಳೆ ಎಳೆದು ಪರೀಕ್ಷೆ ಮಾಡಿಯೇ ಉತ್ತರ ಕೊಟ್ಟ. "ಮಿಸ್, ನಾನು ಉಸಿರೇ ಬಿಡ್ತಿಲ್ಲ!" ಕಣ್ಣು ಮುಚ್ಚಿಸಿ ಗೋಗರೆದರೂ ಸಿಗದ ಗಮನ ಅದು. ಎರಡನೆಯ ಸಲ ಕೇಳುವುದು: ಕೈ ತಪ್ಪಿದಾಗ ಮೈಯಲ್ಲಿ ಎಲ್ಲಿ ಗೊತ್ತಾಯ್ತು? ಅದೇ ಹುಡುಗ, "ಕಿವಿ ಬಿಸಿ ಆಯ್ತು" ಅಂದ. ಅವನು ಸಿಟ್ಟು ಬಂದರೆ ಕಂಪಾಸ್ ಬಾಕ್ಸ್ ಎಸೆಯುವ ಹುಡುಗ. ಎಸೆಯುವ ಮುಂಚೆ ಕಿವಿ ಬಿಸಿಯಾಗುತ್ತದೆ ಎಂದು ಅವನಿಗೇ ತಿಳಿದದ್ದು ನನಗೆ ದೊಡ್ಡ ವಿಷಯ. ಎಸೆಯುವುದು ಅವತ್ತೇ ನಿಂತುಹೋಗಲಿಲ್ಲ, ಬಿಡಿ.

ಕೆಲವರು ಖಾಲಿ ಹಾಳೆ ಕೊಟ್ಟು "ಮನಸ್ಸಿಗೆ ಬಂದದ್ದು ಬರಿ" ಅನ್ನುತ್ತಾರೆ. ಗಾಬರಿಯಲ್ಲಿರುವ ಮಗುವಿಗೆ ಖಾಲಿ ಹಾಳೆ ಇನ್ನೊಂದು ಗಾಬರಿ. 2005ರಲ್ಲಿ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದಲ್ಲೂ, ಖಾಲಿ ಹಾಳೆಗಿಂತ ಮಂಡಲದಂಥ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕವೇ ಹೆಚ್ಚು ಇಳಿದಿತ್ತು. ಚುಕ್ಕಿಗಳೂ ಹಾಗೆ, ಹಿಡಿದುಕೊಳ್ಳಲು ಒಂದು ಆಸರೆ.

ಜೇಡಿಮಣ್ಣೂ ಚೆನ್ನ. ಆದರೆ ಅಂಟು ಕೈಗೆ ತಾಗಿದರೇ ಹಿಂಸೆಪಡುವ ಮಕ್ಕಳಿರುತ್ತಾರೆ. ಬಲವಂತ ಬೇಡ, ಕಡ್ಡಿ ಕೊಡಿ, ಅದರಲ್ಲೇ ಗೀರಲಿ.

ಟೀಚರ್‌ಗಳ ಹತ್ತಿರ ನಾನು ಜಗಳವಾಡುವುದು ಒಂದೇ ವಿಷಯಕ್ಕೆ: "ಸೂಪರ್!", "ವೆರಿ ಗುಡ್!" ಬಾಯಿಗೆ ಬಂದುಬಿಡುತ್ತದೆ, ನನಗೂ ಬರುತ್ತದೆ. ಅಂದ ಕೂಡಲೇ ಉಳಿದ 39 ತಲೆಗಳು ಮೇಲೆದ್ದು ಆ ಕಡೆ ತಿರುಗುತ್ತವೆ. ಅಲ್ಲಿಗೆ ಅದು ರಂಗೋಲಿ ಸ್ಪರ್ಧೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕು: "ಇಲ್ಲಿ ಎಳೆ ದಪ್ಪ ಇದೆ, ಇಲ್ಲಿ ಸಣ್ಣ ಆಗಿದೆ." ಫೋಟೊ ತೆಗೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನೂ ನಿಲ್ಲಿಸಿ. ಪೀರಿಯಡ್ ಮುಗಿದಾಗ ಪೊರಕೆ ಅವರ ಕೈಗೇ ಕೊಡಿ. ಮೊದಲ ವಾರ ಅಳು ಬರುತ್ತದೆ. ಮನೆ ಬಾಗಿಲ ರಂಗೋಲಿಗೆ ಅಮ್ಮ ದಿನಾ ಬೆಳಗ್ಗೆ ನೀರು ಹಾಕುತ್ತಾರಲ್ವಾ ಎಂದು ನೆನಪಿಸಿದರೆ, ನಾಲ್ಕನೇ ವಾರಕ್ಕೆ ಗುಡಿಸಲು ಪೈಪೋಟಿ.

ಆ ಹಿಂದಿನ ಸಾಲಿನ ಹುಡುಗಿ ಮಾತ್ರ ಕಾರಿಡಾರಿಗೆ ಬರಲು ಒಪ್ಪಲಿಲ್ಲ. ಬಾಗಿಲು ಕಾಣುವ ಜಾಗವೇ ಬೇಕು ಅಂದಳು. ಆ ವರ್ಷವಿಡೀ ಹೊಸ್ತಿಲ ಪಕ್ಕದಲ್ಲೇ ಕೂತು ಚುಕ್ಕಿ ಇಟ್ಟಳು. ಎರಡು ಎಳೆಗೊಮ್ಮೆ ತಲೆ ಎತ್ತಿ ಬಾಗಿಲು ನೋಡುತ್ತಿದ್ದಳು. ಆಮೇಲಾಮೇಲೆ, ಐದಾರು ಎಳೆಗೊಮ್ಮೆ.